ಬಿಳಿಯದಾದರೆ ಕುದಿನೀರು

ಹದಿನೇಳನೇ ತಾರೀಕು, ಭಾನುವಾರ
ಮಧ್ಯಾಹ್ನ, ಅಡುಗೆಮನೆಯ ಮೇಜಿನಿಂದ

ನನ್ನ ಮುದ್ದು ಕಡ್ಡಿಗೆ,

ಅಮ್ಮನ ಆಶೀರ್ವಾದ. ನಿನ್ನ ಕಾರ್ಡು ಕೈಸೇರಿ ಒಂಬತ್ತು ದಿನವಾಯಿತು. ಅದರಲ್ಲಿದ್ದದ್ದು, ಏಳು ತಿಂಗಳು ತುಂಬಿದೆ, ಇಬ್ಬರೂ ಆರೋಗ್ಯ, ಹೆರಿಗೆಗೆ ನೀನು ಬರುವುದು ಬೇಡ, ಆದ ಮೇಲೆ ತಿಳಿಸುತ್ತೇವೆ. ಇಷ್ಟೇ. ಹುಟ್ಟಿದಾಗ ಕಡ್ಡಿಯ ಹಾಗಿದ್ದೆ ಎಂದು ನಾನು ಆ ಹೆಸರಿಟ್ಟೆ. ಕಡ್ಡಿ ಮುರಿದ ಹಾಗೆ ಮಾತಾಡುವುದನ್ನು ಮಾತ್ರ ನೀನಾಗಿಯೇ ಕಲಿತೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ನಿಮಿಷಕ್ಕೆ ಜಗಳಕ್ಕೆ ಬೀಳುತ್ತೇವೆ, ನಾಲ್ಕನೆಯದಕ್ಕೆ ಯಾರಾದರೊಬ್ಬರು ಇಟ್ಟುಬಿಡುತ್ತೇವೆ. ಇನ್ನು ಮೇಲೆ ಏನಿದ್ದರೂ ಬರೆದು ಹೇಳು ಎಂದವಳು ನೀನೇ. ವರ್ಷ ತುಂಬುತ್ತಾ ಬಂತು. ನಾನು ಬರೆದದ್ದು ಆರು ಪತ್ರ, ನೀನು ಬರೆದದ್ದು ಈ ಒಂದು ಕಾರ್ಡು. ದೂರು ಹೇಳುತ್ತಿಲ್ಲ. ಆ ಆರರಲ್ಲೂ ನಾನು ಬರೆದದ್ದು ಹಾಲು, ಹಣ್ಣು, ನಿದ್ದೆ, ಸೊಪ್ಪು. ಅದಕ್ಕೆ ಯಾರು ತಾನೇ ಉತ್ತರ ಬರೆದಾರು?

ನನಗೆ ಬರಬೇಕು ಎಂದು ಆಸೆಯಿದೆ. ಮುಚ್ಚುಮರೆ ಏಕೆ? ಆದರೆ ಅದನ್ನು ಕೊನೆಗೆ ಕೇಳುತ್ತೇನೆ. ಅದಕ್ಕೂ ಮೊದಲು ಒಂದು ಸುದ್ದಿ. ನಗಬೇಡ. ನಾನು ಪ್ರೋಗ್ರಾಮಿಂಗ್ ಕಲಿಯುತ್ತಿದ್ದೇನೆ.

ನಕ್ಕೆ ತಾನೇ? ನಗು. ಸಂಜೆ ಶಾಲೆಯಲ್ಲಿ ಕೂತು ದೊಡ್ಡ ದೊಡ್ಡವರಿಗೆಲ್ಲ ಅದನ್ನೇ ಕಲಿಸುವವಳ ತಾಯಿ ನಾನು, ಫೋನಿನಲ್ಲಿ ಗಡಿಯಾರದ ಅಲಾರಂ ಇಡಲು ಪಕ್ಕದ ಮನೆಯವರನ್ನು ಕರೆಯುತ್ತಿದ್ದವಳು. ಅರವತ್ತಕ್ಕೆ ಅರಳುಮರಳು ಎನ್ನುತ್ತಾರೆ. ನನಗೆ ಇನ್ನೂ ಐವತ್ತೆಂಟು, ಅರಳುವುದಷ್ಟೇ ಈಗ.

ಆದದ್ದು ಹೀಗೆ. ನಮ್ಮ ಲಾಂಡ್ರಿಗೆ ಎರಡು ತಿಂಗಳ ಹಿಂದೆ ಬಟ್ಟೆ ವಿಂಗಡಿಸುವ ಯಂತ್ರ ತಂದರು. ಉದ್ದದ ಪಟ್ಟಿ ಉರುಳುತ್ತದೆ, ಅದರ ಮೇಲೆ ಬಟ್ಟೆ ಒಂದೊಂದಾಗಿ ಬರುತ್ತದೆ, ಮೇಲಿನ ಕ್ಯಾಮೆರಾ ಬಣ್ಣ ನೋಡುತ್ತದೆ, ಸಿಕ್ಕಿಸಿದ ಚೀಟಿಯನ್ನೂ ಓದುತ್ತದೆ, ಕೆಳಗೆ ಐದು ದೊಡ್ಡ ಬುಟ್ಟಿ. ಯಾವ ಬಟ್ಟೆ ಯಾವ ಬುಟ್ಟಿಗೆ ಬೀಳಬೇಕು ಎನ್ನುವುದನ್ನು ಮಾತ್ರ ಯಾರಾದರೂ ಅದಕ್ಕೆ ಹೇಳಿಕೊಡಬೇಕು. ಇಪ್ಪತ್ತಾರು ವರ್ಷ ಆ ವಿಂಗಡಣೆ ಮೇಜಿನ ಮುಂದೆ ನಿಂತವಳು ನಾನೊಬ್ಬಳೇ. ಹೋಟೆಲಿನ ಟವೆಲ್ಲು, ಆಸ್ಪತ್ರೆಯ ಹಾಸು, ಕಟಿಂಗ್ ಅಂಗಡಿಯ ಹೊದಿಕೆ, ಮನೆಗಳ ಪರದೆ, ಎಲ್ಲ ನನ್ನ ಕೈ ದಾಟಿಯೇ ನೀರಿಗೆ ಹೋಗಬೇಕಿತ್ತು. ಯಂತ್ರ ಕೂರಿಸಲು ಬಂದ ಮೇಡಂ ನನ್ನ ಪಕ್ಕ ಕೂತು, ಹೇಗೆ ವಿಂಗಡಿಸ್ತೀರಾ ಹೇಳಿ ಅಮ್ಮ, ಅಂದರು. ಕೈಗೆ ಗೊತ್ತು, ನನಗೆ ಗೊತ್ತಿಲ್ಲ ಎಂದೆ.

ಆಗ ಅವರು ಒಂದು ಹಾಳೆ ಕೊಟ್ಟು, ಯಂತ್ರಕ್ಕೆ ಪ್ರಶ್ನೆ ಕೇಳೋದು ಮಾತ್ರ ಬರುತ್ತೆ, ಹೀಗಿದ್ದರೆ ಹೀಗೆ ಮಾಡು, ಅದಲ್ಲ ಹೀಗಿದ್ದರೆ ಇದು ಮಾಡು, ಯಾವುದೂ ಅಲ್ಲದಿದ್ದರೆ ಇಲ್ಲಿಗೆ ಹಾಕು, ಅಷ್ಟು ಬರೆದುಕೊಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ ಎಂದರು. ಅಯ್ಯೋ, ಇದೇನು ಮಹಾ ಎಂದುಕೊಂಡೆ. ಮನೆಗೆ ಬಂದು ಹಾಳೆ ಮುಂದೆ ಕೂತರೆ ಬೆವರು. ಕೊನೆಗೆ ನಿನ್ನ ಕೋಣೆಯ ಅಟ್ಟ ಹತ್ತಿ ನಿನ್ನ ಹಳೇ ನೋಟ್ ಬುಕ್ಕುಗಳನ್ನು ಕೆಳಗಿಳಿಸಿದೆ. ಕೇಳದೆ ಇಳಿಸಿದೆ, ಬೈಯಬೇಡ.

ನೀಲಿ ರಟ್ಟಿನ ಪುಸ್ತಕದಲ್ಲಿ ನನ್ನ ಪಾಠ ಸಿಕ್ಕಿತು. ಷರತ್ತುಗಳು ಅಂತ ದಪ್ಪಕ್ಷರದಲ್ಲಿ ಬರೆದು ಎರಡು ಗೆರೆ ಎಳೆದಿದ್ದೀಯ. ಅದರ ಕೆಳಗೆ ಮೇಷ್ಟರು ಕೊಟ್ಟ ಉದಾಹರಣೆ ಇರಬಹುದು ಎಂದುಕೊಂಡು ಕನ್ನಡಕ ಏರಿಸಿ ಓದಿದರೆ, ಅಲ್ಲಿದ್ದವಳು ನಾನು!

ಅಮ್ಮ ಹಾಡುತ್ತಿದ್ದರೆ: ಸಿನಿಮಾಕ್ಕೆ ಕೇಳು.
ಇಲ್ಲ, ಪಾತ್ರೆ ಸದ್ದು ಜೋರಾಗಿದ್ದರೆ: ಪುಸ್ತಕ ಹಿಡಿ.
ಇಲ್ಲ, ಬೆನ್ನು ಹಿಡ್ಕೊಂಡು ಬಂದಿದ್ದರೆ: ಬಿಸಿನೀರು ಕಾಯಿಸು.
ಇವ್ಯಾವುದೂ ಅಲ್ಲದಿದ್ದರೆ: ಹತ್ತಿರ ಹೋಗಿ ಕೂತ್ಕೋ.

ಕಳ್ಳಿ! ನಾನು ಹಾಡಿದಾಗಲೆಲ್ಲ ನಿನಗೆ ಸಿನಿಮಾ ನೆನಪಾಗುತ್ತಿದ್ದುದು ಕಾಕತಾಳೀಯ ಎಂದುಕೊಂಡಿದ್ದೆನಲ್ಲೇ. ಒಬ್ಬಳೇ ಕೂತು ಜೋರಾಗಿ ನಕ್ಕೆ. ಆಮೇಲೆ ಕೊನೆಯ ಸಾಲನ್ನು ಮತ್ತೆ ಓದಿದೆ. ನಿಮ್ಮಪ್ಪ ಹೋದ ಮೇಲಿನ ದಿನಗಳಲ್ಲಿ ನಾನು ಹಾಡದೆ, ಪಾತ್ರೆಯನ್ನೂ ಸದ್ದು ಮಾಡದೆ ಸುಮ್ಮನೆ ಗೋಡೆ ನೋಡುತ್ತಿದ್ದಾಗ ನೀನು ಬಂದು ಪಕ್ಕದಲ್ಲಿ ಕೂರುತ್ತಿದ್ದೆ. ಹದಿನೇಳು ವರ್ಷದ ಹುಡುಗಿಗೆ ಅದು ಯಾರು ಹೇಳಿಕೊಟ್ಟರು ಎಂದು ಆಗ ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತದೆ.

ಅಂತೂ ಆ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಬರೆದೆ. ಬಿಳಿಯದಾದರೆ ಕುದಿನೀರಿನ ಬುಟ್ಟಿ. ಇಲ್ಲ, ಕಡುಬಣ್ಣವಾದರೆ ತಣ್ಣೀರಿನ ಬುಟ್ಟಿ. ಇಲ್ಲ, ಉಣ್ಣೆಯಾದರೆ ಕೈಯಲ್ಲಿ ತೊಳೆಯುವ ಬುಟ್ಟಿ. ಹೀಗೆ ಹನ್ನೊಂದು ಸಾಲು. ಯಾವುದಕ್ಕೂ ಸೇರದ್ದು ಕೊನೆಯ ಬುಟ್ಟಿಗೆ, ಅಂದರೆ ನನ್ನ ಹಳೇ ಮೇಜಿಗೆ. ಮಾಲೀಕರಿಗೆ ಒಂದೇ ಅವಸರ. ಬಿಳಿ ಅಥವಾ ಕಲೆಯಾಗಿದ್ದು, ಎರಡನ್ನೂ ಕುದಿನೀರಿಗೆ ಹಾಕಿ ಮುಗಿಸಿ ಎಂದರು. ನಾನು ಅವರನ್ನು ಕೂರಿಸಿ ಪಾಠ ಮಾಡಿದೆ ಕಣೇ! ಅಥವಾ ಎಂದರೆ ಎರಡರಲ್ಲಿ ಒಂದಿದ್ದರೂ ಸಾಕು ಸ್ವಾಮಿ, ಕಲೆಯಾದ ಕೆಂಪು ಪರದೆಯೂ ಕುದಿನೀರಿಗೆ ಬಿದ್ದು ನಿಮ್ಮ ಬಿಳಿ ಹಾಸೆಲ್ಲ ಗುಲಾಬಿಯಾಗುತ್ತೆ. ಮತ್ತು ಎಂದು ಹಾಕಬೇಕು, ಬಿಳಿಯೂ ಆಗಿರಬೇಕು, ಕಲೆಯೂ ಇರಬೇಕು, ಆಗ ಮಾತ್ರ ಎರಡು ಸಲ ಕುದಿಸೋದು ಎಂದೆ. ಅವರು ಒಪ್ಪಿ ತಲೆಯಾಡಿಸಿ ಹೋದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಅವತ್ತು ನಿನಗೆ ಫೋನ್ ಮಾಡಿ ಹೇಳಬೇಕೆಂದು ಕೈಗೆತ್ತಿಕೊಂಡವಳು ಹಾಗೇ ಕೆಳಗಿಟ್ಟೆ.

ಪರೀಕ್ಷೆಯ ದಿನ ಬಂತು. ಬಗೆಬಗೆಯ ಬಟ್ಟೆ ಇರಲಿ, ಎಲ್ಲರೂ ಮನೆಯಿಂದಲೂ ಒಂದೊಂದು ತನ್ನಿ ಎಂದಿದ್ದರು ಮೇಡಂ. ನಾನು ಒಂದು ಹಳೇ ದಿಂಬಿನ ಚೀಲ ಒಯ್ದೆ. ಇಸ್ತ್ರಿ ವಿಭಾಗದ ಅಕ್ಕ ಗಂಡನ ಲುಂಗಿ ತಂದು ಎಲ್ಲರನ್ನೂ ನಗಿಸಿದಳು. ಮುನ್ನೂರ ಹನ್ನೆರಡು ಬಟ್ಟೆ ಪಟ್ಟಿಯ ಮೇಲೆ ಸಾಲಾಗಿ ಹೋದವು. ಒಂದೊಂದೂ ಬಂದು ಬುಟ್ಟಿಗೆ ಬೀಳುವುದನ್ನು ನೋಡುತ್ತಿದ್ದರೆ, ನನ್ನ ಕೈಯನ್ನೇ ಯಾರೋ ಬಿಚ್ಚಿ ಅಲ್ಲಿ ಜೋಡಿಸಿದ ಹಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ನಾಚಿಕೆಯಿಲ್ಲದೆ.

ಎರಡು ಗಂಟೆಯ ಮೇಲೆ ಕುದಿನೀರಿನ ಡ್ರಮ್ಮಿನಿಂದ ಬಟ್ಟೆ ತೆಗೆದರು. ಹಾಸುಗಳ ನಡುವೆ ಒಂದು ಸಣ್ಣ ಮುದ್ದೆ ಸಿಕ್ಕಿತು. ಯಾರೋ ತಂದಿದ್ದ, ಕೂಸಿಗೆಂದು ಹೆಣೆದ ಬಿಳಿ ಉಣ್ಣೆಯ ಸ್ವೆಟರ್. ಕುದಿದು ಕುದಿದು ಗಟ್ಟಿ ಬಟ್ಟೆಯಾಗಿ, ನನ್ನ ಅಂಗೈಯಲ್ಲಿ ಕೂರುವಷ್ಟಾಗಿತ್ತು. ಬೊಂಬೆಗೆ ಹಾಕಬಹುದು, ಅಷ್ಟೇ.

ಯಂತ್ರ ಕೆಟ್ಟಿದೆ ಎಂದು ನಾನು ಕೂಗಾಡಿದೆ. ಉಣ್ಣೆ ಎಂದು ಚೀಟಿ ಸಿಕ್ಕಿಸಿತ್ತು, ಉಣ್ಣೆಗೆಂದು ನಾನು ಸಾಲು ಬರೆದಿದ್ದೆ, ಕಣ್ಣಿದ್ದೂ ಕುರುಡಾ ನಿಮ್ಮ ಯಂತ್ರ ಎಂದು ಮೇಡಂ ಮೇಲೆ ಹರಿಹಾಯ್ದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ನನ್ನ ಹಾಳೆಯನ್ನೇ ಮುಂದಿಟ್ಟು, ನೀವು ಬಿಳೀನ ಮೊದಲು ಕೇಳಿದ್ದೀರಮ್ಮ, ಬಿಳಿಯಾ ಅಂದಿದ್ದಕ್ಕೆ ಹೌದು ಅಂತ ಉತ್ತರ ಬಂತು, ಒಂದು ಹೌದು ಸಿಕ್ಕಿದ ಮೇಲೆ ಅದು ಮುಂದಿನ ಪ್ರಶ್ನೆ ಕೇಳೋದೇ ಇಲ್ಲ, ಅಲ್ಲಿಗೇ ನಿಂತುಬಿಡುತ್ತೆ ಎಂದರು. ಉಣ್ಣೆಯ ಸಾಲು ಮೂರನೆಯದು. ಅಲ್ಲಿಗೆ ಅದು ಹೋಗಲೇ ಇಲ್ಲ.

ಕಡ್ಡಿ, ಅಲ್ಲಿಗೇ ನಿಂತುಬಿಡುತ್ತೆ ಎಂದು ಅವರು ಹೇಳಿದ್ದೇ ತಡ, ನಾನು ಅಲ್ಲೇ ಕೆಳಗೆ ಕೂತುಬಿಟ್ಟೆ.

ನೀನು ಹೋದ ವರ್ಷ ನನಗೆ ಹೇಳಿದ್ದು ಅದೇ ಮಾತು. ನೀನು ಊಟಕ್ಕೇ ನಿಂತುಬಿಟ್ಟೆ ಅಮ್ಮ ಎಂದಿದ್ದೆ. ಇಷ್ಟು ದಿನ ಅದು ನನಗೆ ಅರ್ಥವಾಗಿರಲಿಲ್ಲ. ತಪ್ಪನ್ನು ನನ್ನ ತಲೆಗೆ ಕಟ್ಟಲು ಏನೋ ಒಂದು ಹೇಳುತ್ತಿದ್ದಾಳೆ ಎಂದುಕೊಂಡಿದ್ದೆ.

ಆ ಸಂಜೆಯನ್ನು ನಾನು ಬಿಡಿಸಿ ಬರೆಯಲೇಬೇಕು. ನೀನು ಫೋನ್ ಮಾಡಿದೆ. ಎತ್ತಿದ ತಕ್ಷಣ ನಾನು ಕೇಳಿದ್ದು, ಊಟ ಆಯ್ತಾ? ಯಾವಾಗಲೂ ಅದೇ ತಾನೇ ಮೊದಲು. ನೀನು ಇಲ್ಲಮ್ಮ ಎಂದೆ. ಇಷ್ಟು ಹೊತ್ತಾದರೂ ಊಟ ಮಾಡಿಲ್ಲವಾ, ಈ ಸ್ಥಿತಿಯಲ್ಲಿ ಹೊಟ್ಟೆ ಖಾಲಿ ಬಿಡ್ತಾರಾ, ಅಳಿಯಂದಿರಾದರೂ ಹೇಳಬಾರದಾ ಎಂದು ಶುರುಮಾಡಿದೆ. ನೀನು ಮಧ್ಯೆ ಎರಡು ಸಲ ಅಮ್ಮಾ ಎಂದೆ. ಮೊದಲು ನಾನು ಹೇಳೋದು ಕೇಳು ಎಂದು ನಾನೇ ಮುಂದುವರಿಸಿದೆ. ಆಮೇಲೆ ಫೋನ್ ನೋಡಿದರೆ ಹನ್ನೊಂದು ನಿಮಿಷ. ಕೊನೆಗೆ ನೀನು, ಸರಿ ಅಮ್ಮ, ಮಾಡ್ತೀನಿ ಎಂದು ಇಟ್ಟೆ. ಮಗಳಿಗೆ ಬುದ್ಧಿ ಹೇಳಿದೆ ಎಂಬ ಸಮಾಧಾನದಲ್ಲಿ ನಾನು ಅವತ್ತು ಚೆನ್ನಾಗಿ ನಿದ್ದೆ ಮಾಡಿದೆ ಕಣೇ. ಇದನ್ನು ಬರೆಯದೆ ಬಿಟ್ಟರೆ ಈ ಪತ್ರವೇ ಸುಳ್ಳಾಗುತ್ತದೆ.

ಹನ್ನೆರಡು ದಿನದ ಮೇಲೆ ಅಳಿಯಂದಿರು ಹೇಳಿದರು. ನೀನು ಮಾತಾಡಿದ್ದು ಆಸ್ಪತ್ರೆಯ ಹಾಸಿಗೆಯಿಂದ. ನಾಲ್ಕು ತಿಂಗಳ ಬಸಿರು ಆ ಬೆಳಿಗ್ಗೆಯೇ ಹೋಗಿತ್ತು. ಅದನ್ನು ಕೇಳಿಯೂ ನಾನು ಮಾಡಿದ್ದೇನು? ಫೋನ್ ಮಾಡಿ, ಹೆತ್ತ ತಾಯಿಗೆ ಯಾಕೆ ಹೇಳಲಿಲ್ಲ ಎಂದು ನಿನ್ನನ್ನೇ ತರಾಟೆಗೆ ತೆಗೆದುಕೊಂಡೆ. ಹೇಳೋಕೆ ಅಂತಲೇ ಮಾಡಿದ್ದೆ, ನೀನು ಊಟಕ್ಕೇ ನಿಂತುಬಿಟ್ಟೆ ಎಂದು ನೀನು ಅತ್ತೆ.

ಉಣ್ಣೆ ಎಂಬ ಚೀಟಿ ಆ ಸ್ವೆಟರಿನ ಮೇಲೇ ಇತ್ತು. ಕೇಳಿದ್ದರೆ ಹೇಳುತ್ತಿತ್ತು. ಕೇಳಲಿಲ್ಲ. ನಿನ್ನ ದನಿಯಲ್ಲೂ ಅವತ್ತು ಎಲ್ಲ ಇತ್ತು, ಈಗ ನೆನೆದರೆ ಕೇಳಿಸುತ್ತದೆ. ನಿನ್ನ ದನಿ ಸಣ್ಣಗಿತ್ತು. ಹಿಂದೆ ಯಾರೋ ಗಾಲಿ ಮಂಚ ತಳ್ಳುವ ಸದ್ದಿತ್ತು. ನನ್ನ ಕಿವಿ ಮಾತ್ರ ಇಲ್ಲಮ್ಮ ಎಂಬಲ್ಲಿಗೇ ಮುಚ್ಚಿಕೊಂಡಿತ್ತು.

ಯಾಕೆ ಊಟವೇ ಮೊದಲು ಎಂದು ಈ ಒಂಬತ್ತು ದಿನ ಯೋಚಿಸಿದೆ. ನಿಮ್ಮಪ್ಪ ಹೋದ ಮೇಲೆ ಎರಡು ಪಾಳಿ ದುಡಿದು ಮನೆಗೆ ಬಂದಾಗ ನಿನಗೆ ಏನೇನೋ ಆಗಿರುತ್ತಿತ್ತು. ಪರೀಕ್ಷೆ, ಗೆಳತಿಯರ ಜಗಳ, ಅಪ್ಪನ ನೆನಪು. ಹಸಿವಿಗೆ ನನ್ನ ಹತ್ತಿರ ಉತ್ತರವಿತ್ತು. ಮಿಕ್ಕಿದ್ದಕ್ಕೆ ಇರಲಿಲ್ಲ. ಹಾಗಾಗಿ ನನಗೆ ಉತ್ತರ ಗೊತ್ತಿದ್ದ ಪ್ರಶ್ನೆಯನ್ನೇ ಮೊದಲು ಕೇಳಿ, ಅಲ್ಲಿಗೇ ಮುಗಿಸಿಬಿಡುತ್ತಿದ್ದೆ. ಹೆದರಿಕೆ ಕಣೇ. ಮುಂದಿನ ಪ್ರಶ್ನೆ ಕೇಳಿದರೆ ನೀನು ಉತ್ತರ ಹೇಳಿಬಿಟ್ಟರೆ ನಾನೇನು ಮಾಡಲಿ ಎಂಬ ಹೆದರಿಕೆ. ಲಾಂಡ್ರಿಯ ಹಾಳೆಯಲ್ಲೂ ಅಷ್ಟೇ, ಸುಲಭದ್ದು, ದಿನಾ ರಾಶಿ ಬರುವುದು ಬಿಳಿ ಎಂದು ಅದನ್ನು ಮೇಲೆ ಬರೆದೆ. ನಿಜ ಹೇಳಬೇಕೆಂದರೆ ಮೇಜಿನ ಮುಂದೆ ನನ್ನ ಕೈ ಹಾಗೆ ಮಾಡುತ್ತಲೇ ಇರಲಿಲ್ಲ. ಕೈ ಮೊದಲು ಮುಟ್ಟಿ ನೋಡುತ್ತಿತ್ತು, ಬಣ್ಣ ಆಮೇಲೆ. ಗೊತ್ತಿದ್ದವಳೇ ಬರೆಯುವಾಗ ತಪ್ಪಿದೆ.

ನಿನ್ನ ನೀಲಿ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಿದ್ದೀಯ, ಅಪರೂಪದ್ದನ್ನು ಮೊದಲು ಕೇಳು, ಎಲ್ಲರಿಗೂ ಅನ್ವಯಿಸುವುದನ್ನು ಕೊನೆಗೆ ಕೇಳು ಎಂದು. ಮೊದಲು ಓದಿದಾಗ ದಾಟಿಕೊಂಡು ಹೋಗಿದ್ದೆ.

ಮರುದಿನ ಉಣ್ಣೆಯನ್ನು ಮೇಲಕ್ಕೆ ತಂದೆವು. ಈಗ ಯಂತ್ರ ಸರಿಯಿದೆ, ಮೇಡಂ ಊರಿಗೆ ಹೋದರು, ಹೋಗುವಾಗ ಅವರಿಗೆ ಕ್ಷಮೆ ಕೇಳಿದೆ. ನನ್ನ ಪಾಲಿನ ಹಾಳೆಯನ್ನು ಸರಿಮಾಡುವುದಕ್ಕೆ ಇಷ್ಟು ದಿನ ಹಿಡಿಯಿತು. ಹೊಡೆದುಹಾಕಿ ಹೊಡೆದುಹಾಕಿ ನಾಲ್ಕು ಹಾಳೆ ಹೋಯಿತು. ಟೀಚರಮ್ಮ, ತಿದ್ದಿ ಕೊಡು:

ಮಗಳು ಅಳುತ್ತಿದ್ದರೆ: ಬಾಯಿ ಮುಚ್ಚು, ಫೋನ್ ಇಡಬೇಡ.
ಇಲ್ಲ, ಅಮ್ಮಾ ಎಂದು ಕರೆದು ನಿಲ್ಲಿಸಿದರೆ: ನೀನೂ ನಿಲ್ಲು, ಇಪ್ಪತ್ತು ಎಣಿಸು.
ಇಲ್ಲ, ಬೈಯುತ್ತಿದ್ದರೆ: ಬೈಸಿಕೋ.
ಇಲ್ಲ, ನಗುತ್ತಿದ್ದರೆ: ಊಟ ಆಯ್ತಾ ಕೇಳು.
ಇವ್ಯಾವುದೂ ಅಲ್ಲದಿದ್ದರೆ: ಹತ್ತಿರ ಹೋಗಿ ಕೂತ್ಕೋ.

ಕೊನೆಯದನ್ನು ನಿನ್ನ ಪುಸ್ತಕದಿಂದ ಕದ್ದೆ. ಅದರಲ್ಲೇ ಒಂದು ತೊಡಕಿದೆ. ಫೋನಿನಲ್ಲಿ ಹತ್ತಿರ ಹೋಗಿ ಕೂರಲು ಆಗುವುದಿಲ್ಲ. ಅದಕ್ಕೆ ರೈಲು ಹತ್ತಬೇಕು.

ಈಗ ಕೇಳುತ್ತೇನೆ. ನಾನು ಬರಲಾ? ಅಡುಗೆ ಮಾಡಲು ಅಲ್ಲ, ಬುದ್ಧಿ ಹೇಳಲು ಅಲ್ಲ. ನೀನು ಹೆರಿಗೆ ಕೋಣೆಯ ಒಳಗಿರುವಾಗ ಹೊರಗಿನ ಬೆಂಚಿನಲ್ಲಿ ಕೂತಿರುತ್ತೇನೆ. ಕರೆದರೆ ಒಳಗೆ ಬರುತ್ತೇನೆ, ಕರೆಯದಿದ್ದರೆ ಬೆಂಚಿನಲ್ಲೇ ಇರುತ್ತೇನೆ. ಬರಬೇಡ ಎಂದರೆ ಅದಕ್ಕೂ ಸರಿ, ಇಲ್ಲೇ ಕಾಯುತ್ತೇನೆ, ಮುನಿಸಿಕೊಳ್ಳುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನೀನು ಹೇಳಬಹುದು. ಸುಟ್ಟರೆ ಹೋಗದಿರಬಹುದು, ಕುದಿಸಿದರೆ ಸ್ವಲ್ಪ ಕುಗ್ಗುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ.

ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೋ ಮಗಳೇ. ಆ ಹೊಟ್ಟೆಯಲ್ಲಿ ಈಗ ಜಾಗ ಕಡಿಮೆ ಎಂದು ಗೊತ್ತು. ಅಳಿಯಂದಿರಿಗೆ ನನ್ನ ಪ್ರೀತಿ ತಿಳಿಸು.

ನಿನ್ನನ್ನೇ ನೆನೆಯುತ್ತಾ,
ನಿನ್ನ ಅಮ್ಮ

ತಾ. ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನಾನು ದಿಂಬಿನ ಚೀಲ ಒಯ್ದಿರಲಿಲ್ಲ. ಆ ಸ್ವೆಟರ್ ತಂದವಳು ನಾನು. ಹೋದ ವರ್ಷ ನೀನು ಸುದ್ದಿ ಹೇಳಿದ ವಾರವೇ ಹೆಣೆಯಲು ಕೂತಿದ್ದೆ, ಆಗಲೇ ಮುಗಿಸಿದ್ದೆ, ನಿನಗೆ ಹೇಳಿರಲಿಲ್ಲ. ಆಮೇಲೆ ಹೇಳುವ ಹಾಗೂ ಇರಲಿಲ್ಲ. ಬೀರುವಿನಲ್ಲೇ ಇತ್ತು. ಈ ಸಲದ ಸುದ್ದಿಯನ್ನು ಅಳಿಯಂದಿರು ಹೇಳಿದ ಮೇಲೆ, ತೊಳೆದು ಈ ಮಗುವಿಗೆ ಇಡೋಣ ಎಂದುಕೊಂಡಿದ್ದೆ, ಪರೀಕ್ಷೆಯ ದಿನ ಅದನ್ನೇ ಒಯ್ದೆ. ಉಣ್ಣೆ ಎಂಬ ಚೀಟಿ ಸಿಕ್ಕಿಸಿದ್ದೂ ಇದೇ ಕೈ. ಈಗ ಅದು ಅಂಗೈಯಷ್ಟಿದೆ, ಎರಡು ಗುಂಡಿಯೂ ಹಾಗೇ ಇವೆ. ಎಸೆಯಿರಿ ಎಂದರು, ಆಗಲಿಲ್ಲ. ಬರುವ ಮಗುವಿಗೆ ಹೊಸದು ಹೆಣೆಯುತ್ತಿದ್ದೇನೆ, ಹಳದಿ ಬಣ್ಣದ್ದು. ಈ ಸಣ್ಣದು ಯಾರ ಅಳತೆಗೆ ಆಗಿದೆ ಎಂದು ನಿನಗೂ ಗೊತ್ತು. ಅದು ನನ್ನ ಹತ್ತಿರ ಇರಲಿ.


ಇಪ್ಪತ್ತಾರನೇ ತಾರೀಕು, ಮಂಗಳವಾರ

ಪ್ರೀತಿಯ ಅಮ್ಮನಿಗೆ,

ನಿನ್ನ ಹಾಳೆ ತಿದ್ದಿದೆ. ಒಂದೇ ತಪ್ಪು. ಅಳುವುದೂ ಬೈಯುವುದೂ ಒಟ್ಟಿಗೇ ಆದರೆ ಏನು ಮಾಡಬೇಕೆಂದು ನೀನು ಬರೆದಿಲ್ಲ. ನಿನ್ನ ಕ್ರಮದ ಪ್ರಕಾರ ಅಳುವುದೇ ಗೆಲ್ಲುತ್ತದೆ, ನೀನು ಬಾಯಿ ಮುಚ್ಚಿಕೊಂಡಿರುತ್ತೀಯ. ಅಷ್ಟು ಸಾಕು. ಹತ್ತಕ್ಕೆ ಒಂಬತ್ತು ಕೊಟ್ಟಿದ್ದೇನೆ. ಷರತ್ತುಗಳ ಪಾಠಕ್ಕೆ ನಿನ್ನ ಸ್ವೆಟರಿನ ಕಥೆಯನ್ನು ನಿನ್ನೆ ತರಗತಿಯಲ್ಲಿ ಹೇಳಿದೆ. ಪೂರ್ತಿ ಹೇಳಲಾಗಲಿಲ್ಲ, ಅರ್ಧಕ್ಕೇ ಪಾಠ ಮುಗಿಸಿದೆ.

ಆ ಸಂಜೆಯ ಬಗ್ಗೆ ನಿನಗೆ ಗೊತ್ತಿಲ್ಲದ್ದು ಒಂದಿದೆ. ನಾವು ಫೋನಿನಲ್ಲಿ ನಾಲ್ಕು ನಿಮಿಷ ದಾಟಿದವರಲ್ಲ. ಅವತ್ತು ಹನ್ನೊಂದು ನಿಮಿಷ ನಾನು ಇಡಲಿಲ್ಲ, ಯಾಕೆ ಅಂತ ಯೋಚಿಸಿದ್ದೀಯಾ? ಆ ಕೋಣೆಯಲ್ಲಿ ನನಗೆ ಗುರುತಿದ್ದ ದನಿ ಅದೊಂದೇ. ಫೋನನ್ನು ದಿಂಬಿನ ಮೇಲಿಟ್ಟು ಅದರ ಪಕ್ಕದಲ್ಲೇ ಕಿವಿಯಿಟ್ಟುಕೊಂಡು ಮಲಗಿದ್ದೆ. ನೀನು ಬೈಯುತ್ತಲೇ ಇರಲಿ ಅನ್ನಿಸುತ್ತಿತ್ತು. ಹೇಳಲಾಗಲಿಲ್ಲ ಎಂಬ ಸಿಟ್ಟು ಆಮೇಲೆ ಬಂತು, ಬಂದದ್ದು ಬಹಳ ದಿನ ನಿಂತಿತು. ನಿಲ್ಲುವುದು ನಮ್ಮ ಮನೆತನದಲ್ಲೇ ಇದೆ.

ಬಾ ಅಮ್ಮ. ಬೆಂಚಿನಲ್ಲಿ ಅಲ್ಲ, ಒಳಗೆ ಕೂರು. ಎರಡೂ ಸ್ವೆಟರ್ ತಗೊಂಡು ಬಾ.

ನಿನ್ನ
ಕಡ್ಡಿ

ತಾ. ಕ.: ಈಗ ಮಧ್ಯಾಹ್ನ ಮೂರು ಗಂಟೆ. ಊಟ ಇನ್ನೂ ಆಗಿಲ್ಲ.